ಅಮ್ಮನ ಕೈಗೆ ತಾಗಿದ ‘ಜುಮ್’

ಕಳೆದ ಮೇ ತಿಂಗಳ ಒಂದು ಶನಿವಾರ ಸಂಜೆ. ತಿಪಟೂರಿನಿಂದ ಅಪ್ಪ, ಅಮ್ಮ ಬಂದು ಮೂರು ವಾರ ಆಗಿತ್ತು. ನಾವಿರೋದು ಅಮೆರಿಕದ ಅರಿಝೋನಾ ರಾಜ್ಯದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಎಂಬ ಊರಿನಲ್ಲಿ. ಮರುಭೂಮಿಯ ನಾಡು. ಮೇ ತಿಂಗಳಲ್ಲೇ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಅದಕ್ಕೇ ಇಲ್ಲಿ ಸಾಮಾನ್ಯ ಮಧ್ಯಮ ವರ್ಗದ ಮನೆಗಳ ಹಿತ್ತಿಲಲ್ಲೂ ಒಂದು ಸಣ್ಣ ಈಜುಕೊಳ ಇರುತ್ತೆ. ಎರಡು ವರ್ಷದ ಹಿಂದೆ ನಾವು ಕೊಂಡ ಹಳೇ ಮನೆಯಲ್ಲೂ ಇತ್ತು.

ಅಮ್ಮನಿಗೆ ಈಜು ಬರಲ್ಲ. ಚೂಡಿದಾರ ಹಾಕಿಕೊಂಡು ಕೊಳದ ಮೆಟ್ಟಿಲ ಮೇಲೆ ಸೊಂಟದವರೆಗೆ ನೀರಲ್ಲಿ ಕೂತು, ನಾಲ್ಕು ವರ್ಷದ ಮೊಮ್ಮಗಳಿಗಾಗಿ ಕಾಯ್ತಾ ಇದ್ದರು. ಮಗಳು ಒಳಗೆ ಬಟ್ಟೆ ಬದಲಾಯಿಸ್ತಾ ಇದ್ದಳು. ಅಮ್ಮ ಏಳೋಕೆ ಅಂತ ಮೆಟ್ಟಿಲ ಪಕ್ಕದ ಸ್ಟೀಲ್ ಕಂಬಿ ಹಿಡಿದವರು ತಟ್ಟನೆ ಕೈ ಬಿಟ್ಟರು.

“ಲೋ, ಈ ಕಂಬಿ ಮುಟ್ಟಿದ್ರೆ ಜುಮ್ ಅನ್ನುತ್ತಲ್ಲೋ!”

ನಾನು ಚಪ್ಪಲಿ ಹಾಕಿಕೊಂಡು ದಡದ ಮೇಲೆ ನಿಂತಿದ್ದೆ. ಬಗ್ಗಿ ಕಂಬಿ ಹಿಡಿದು ನೋಡಿದೆ. ಏನೂ ಇಲ್ಲ. “ಏನಿಲ್ಲಮ್ಮ, ಬೆಳಿಗ್ಗೆ ತರಕಾರಿ ಹೆಚ್ಚುವಾಗ ಬೆರಳು ಕುಯ್ಕೊಂಡಿದ್ಯಲ್ಲ, ನೀರಲ್ಲಿರೋ ಕ್ಲೋರಿನ್‌ಗೆ ಉರಿದಿರುತ್ತೆ” ಅಂದೆ. ಅಮ್ಮ ಇನ್ನೊಮ್ಮೆ ಮುಟ್ಟಿ ನೋಡಿದರು. “ಉರಿ ಯಾವುದು, ಕರೆಂಟ್ ಯಾವುದು ಅಂತ ಗೊತ್ತಿಲ್ವೇನೋ ನಂಗೆ?”

ಅಷ್ಟರಲ್ಲಿ ಅಪ್ಪ ಎದ್ದು ಬಂದರು. ತೆಂಗಿನ ತೋಟದಲ್ಲಿ ಮೂವತ್ತು ವರ್ಷ ಬೋರ್‌ವೆಲ್ ಮೋಟರು, ಸ್ಟಾರ್ಟರ್ ಡಬ್ಬಿಗಳ ಜೊತೆ ಏಗಿದವರು. ಒಂದೇ ಮಾತು: “ಮೊದ್ಲು ಅವಳನ್ನ ಆಚೆ ಕರಿ. ಕಂಬಿ ಮುಟ್ಟಬೇಡ, ಆ ಕಡೆ ಮೆಟ್ಲಿಂದ ಹತ್ತು. ಮಗೂನ ಇತ್ತ ಬಿಡಬೇಡಿ.”

ಅಪ್ಪ ಹೇಳಿದಂಗೆ ಮಾಡಿದೆವು. ಆದರೆ ನಾನು ಕಾಲೇಜಲ್ಲಿ ಓದಿದ್ದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ಆಮೇಲೆ ಎಲ್ಲರಂತೆ ಸಾಫ್ಟ್‌ವೇರಿಗೆ ಬಂದೆ ಅನ್ನೋದು ಬೇರೆ ವಿಷಯ. ಡಿಗ್ರಿ ಇದ್ದ ನಾನು ‘ಏನಿಲ್ಲ ಬಿಡು’ ಅಂದೆ, ಎಸ್ಸೆಸ್ಸೆಲ್ಸಿ ಓದಿದ ಅಪ್ಪ ‘ಆಚೆ ಬಾ’ ಅಂದರು. ಇವತ್ತಿಗೂ ನನ್ನನ್ನು ಚುಚ್ಚೋದು ಅದೇ.

ಮೇನ್ ಆಫ್ ಮಾಡಿದರೂ ಹೋಗದ ಕರೆಂಟು

“ಅರ್ತ್ ಸರಿ ಇಲ್ಲ ಕಣೋ. ನಮ್ಮ ತೋಟದ ಸ್ಟಾರ್ಟರ್‌ಗೂ ಹಿಂಗೇ ಆಗಿತ್ತು” ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತು. ಮಲ್ಟಿಮೀಟರ್ ತಂದೆ. ಒಣ ಜಾಗದಲ್ಲಿ, ರಬ್ಬರ್ ಚಪ್ಪಲಿ ಹಾಕಿ ನಿಂತು, ಒಂದು ವೈರನ್ನು ಕಂಬಿಗೆ ಕ್ಲಿಪ್ ಮಾಡಿ, ಇನ್ನೊಂದರ ತುದಿಯನ್ನು ನೀರಿಗೆ ಇಳಿಬಿಟ್ಟೆ. 3.1 ವೋಲ್ಟ್ ಎಸಿ ತೋರಿಸಿತು.

ಪಂಪ್ ಆಫ್ ಮಾಡಿದೆ. ಬದಲಾಗಲಿಲ್ಲ. ನೀರೊಳಗಿನ ಲೈಟಿನ ಬ್ರೇಕರ್ ಇಳಿಸಿದೆ. ಬದಲಾಗಲಿಲ್ಲ. ಕೊನೆಗೆ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಒಳಗೆ ಎಸಿ ನಿಂತು ಮನೆಯೆಲ್ಲ ಗಪ್‌ಚಿಪ್. ಮೀಟರ್ ಮಾತ್ರ 2.7 ವೋಲ್ಟ್ ತೋರಿಸ್ತಾನೇ ಇತ್ತು. ಮನೇಲಿ ಕರೆಂಟೇ ಇಲ್ಲ, ಕೊಳದಲ್ಲಿ ಇದೆ! ಆಗ ನಿಜವಾಗಿ ಹೆದರಿಕೆ ಆಯ್ತು.

ಅವತ್ತೇ ವಿದ್ಯುತ್ ಕಂಪನಿಗೆ ಫೋನ್ ಮಾಡಿದೆ. ಈಜುಕೊಳದಲ್ಲಿ ಶಾಕ್ ಅಂದ ಕೂಡಲೇ ಒಂದೂವರೆ ಗಂಟೆಯಲ್ಲಿ ಇಬ್ಬರು ಬಂದರು. ಸೋಮವಾರ, ಈಜುಕೊಳಗಳ ಕೆಲಸವನ್ನೇ ಮಾಡುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಸಿಕ್ಕರು. ಅವರ ಮೊದಲ ಪ್ರಶ್ನೆಯೇ ನನ್ನ ಡಿಗ್ರಿಯ ಜಂಬ ಇಳಿಸಿತು. “ಅರ್ತಿಂಗ್ ಬೇರೆ, ಬಾಂಡಿಂಗ್ ಬೇರೆ. ಗೊತ್ತು ತಾನೆ?”

ಪರೀಕ್ಷೆಗೆ ಓದಿದ್ದು ನೆನಪಿತ್ತು. ಅರ್ಥ ಆಗಿದ್ದು ಮಾತ್ರ ಅವತ್ತು.

ಕಾಗೆಗೆ ಯಾಕೆ ಶಾಕ್ ಹೊಡೆಯಲ್ಲ?

ಕರೆಂಟ್ ತಂತಿಯ ಮೇಲೆ ಕಾಗೆ ಕೂತಿರುತ್ತೆ. ಅದರ ಎರಡೂ ಕಾಲು ಒಂದೇ ತಂತಿಯ ಮೇಲೆ. ತಂತಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಎರಡು ಕಾಲುಗಳ ನಡುವೆ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇಲ್ಲದ ಕಡೆ ಕರೆಂಟ್ ಹರಿಯಲ್ಲ. ಅದೇ ಕಾಗೆಯ ರೆಕ್ಕೆ ಪಕ್ಕದ ತಂತಿಗೆ ತಾಗಿದರೆ ಕಥೆ ಮುಗೀತು.

ಬಾಂಡಿಂಗ್ ಅಂದರೆ ನಾವು ಈಜುವ ಜಾಗವನ್ನು ಕಾಗೆ ಕೂತ ತಂತಿಯ ಹಾಗೆ ಮಾಡೋದು. ಕೊಳದ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಏಣಿ, ಕಂಬಿ, ಲೈಟ್ ಕೂರಿಸಿದ ಲೋಹದ ಡಬ್ಬಿ, ಪಂಪಿನ ಮೋಟರು, ಹೀಟರು, ಸುತ್ತಲಿನ ನೆಲ, ಕೊನೆಗೆ ನೀರು ಕೂಡ, ಎಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿ ಕಟ್ಟೋದು. ಆಮೇಲೆ ಎಲ್ಲಿಂದಲೋ ಮೂರು ವೋಲ್ಟ್ ಬಂದರೂ, ಮೂವತ್ತು ವೋಲ್ಟ್ ಬಂದರೂ ಎಲ್ಲ ಒಟ್ಟಿಗೆ ಏರುತ್ತೆ, ಒಟ್ಟಿಗೆ ಇಳಿಯುತ್ತೆ. ನೀರಲ್ಲಿ ಕೂತು ಕಂಬಿ ಹಿಡಿದವರ ಕೈಗೂ ಕಾಲಿಗೂ ನಡುವೆ ವ್ಯತ್ಯಾಸವೇ ಹುಟ್ಟಲ್ಲ.

ಅರ್ತಿಂಗ್‌ನ ಕೆಲಸ ಬೇರೆ. ಮೋಟರಿನ ಒಳಗೆ ವೈರ್ ಸುಲಿದು ಕವಚಕ್ಕೆ ತಾಗಿತು ಅನ್ನಿ. ಆ ಕರೆಂಟು ಸುಲಭವಾಗಿ ವಾಪಸ್ ಹೋಗೋ ದಾರಿ ಮಾಡಿಕೊಟ್ಟು, ಬ್ರೇಕರ್ ಬೀಳೋ ಹಾಗೆ ಮಾಡೋದು ಅದರ ಕೆಲಸ. ತಪ್ಪು ನಮ್ಮ ಮನೆಯ ವೈರಿಂಗ್‌ನೊಳಗೇ ಇದ್ದರೆ ಅರ್ತಿಂಗ್ ಕಾಪಾಡುತ್ತೆ. ನಮ್ಮ ಮನೆಯಲ್ಲಿ ಆದದ್ದು ಅದಲ್ಲ.

ಇಲ್ಲಿನ ವ್ಯವಸ್ಥೆಯಲ್ಲಿ ಮನೆಯ ನ್ಯೂಟ್ರಲ್ ಮತ್ತು ಅರ್ತ್ ಎರಡನ್ನೂ ಮೇನ್ ಪೆಟ್ಟಿಗೆಯಲ್ಲಿ ಸೇರಿಸಿರುತ್ತಾರೆ. ವಿದ್ಯುತ್ ಕಂಪನಿಯ ನ್ಯೂಟ್ರಲ್ ಕೂಡ ಅದಕ್ಕೇ ಜೋಡಣೆ. ಮೇನ್ ಸ್ವಿಚ್ ಫೇಸ್‌ಗಳನ್ನು ಮಾತ್ರ ಕಡಿಯುತ್ತೆ, ನ್ಯೂಟ್ರಲ್ ಹಾಗೇ ಉಳಿಯುತ್ತೆ. ನಮ್ಮ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಜೋಡಣೆಯೊಂದು ತುಕ್ಕು ಹಿಡಿದು ಸಡಿಲ ಆಗಿತ್ತು. ಅಕ್ಕಪಕ್ಕದ ಮನೆಗಳ ಕರೆಂಟಿಗೂ ವಾಪಸ್ ಹೋಗೋಕೆ ದಾರಿ ಕಷ್ಟವಾಗಿ, ಅದರಲ್ಲಿ ಒಂದು ಪಾಲು ಭೂಮಿಯ ಮೂಲಕ ದಾರಿ ಹುಡುಕ್ತಾ ಇತ್ತು. ಹಾಗಾಗಿ ನಮ್ಮ ಮನೆಯ ಅರ್ತ್ ವೈರೇ ಸುತ್ತಲಿನ ಮಣ್ಣಿಗಿಂತ ಮೂರು ವೋಲ್ಟ್ ಮೇಲಿತ್ತು. ಅರ್ತ್ ವೈರು ಲೈಟಿನ ಲೋಹದ ಡಬ್ಬಿಗೆ, ಡಬ್ಬಿ ನೀರಿಗೆ. ಅಪ್ಪ ಅಂದುಕೊಂಡಂತೆ ಅರ್ತ್ ಇಲ್ಲದೆ ಶಾಕ್ ಬಂದದ್ದಲ್ಲ, ಅರ್ತ್ ವೈರೇ ಆ ವೋಲ್ಟೇಜನ್ನು ಕೊಳಕ್ಕೆ ತಂದಿತ್ತು.

ಇಷ್ಟಾದರೂ ಕಂಬಿಯನ್ನು ಉಳಿದದ್ದಕ್ಕೆಲ್ಲ ಕಟ್ಟಿದ್ದರೆ ಅಮ್ಮನಿಗೆ ಏನೂ ಗೊತ್ತಾಗ್ತಿರಲಿಲ್ಲ. ಹಿಂದಿನ ಮಾಲೀಕರು ಕೊಳದ ಸುತ್ತಲಿನ ಹಳೇ ಕಾಂಕ್ರೀಟ್ ಒಡೆಸಿ ಚೆಂದದ ಕಲ್ಲು ಹಾಸಿಸಿದ್ದರು. ಆಗ ಕಂಬಿಯನ್ನು ಕಿತ್ತು ಮತ್ತೆ ನೆಟ್ಟವರು ಅದರ ಬುಡದ ತಾಮ್ರದ ತಂತಿಯನ್ನು ಜೋಡಿಸಲೇ ಇಲ್ಲ. ಕಂಬಿ ಮಣ್ಣಿನ ಮಟ್ಟದಲ್ಲಿ, ನೀರು ಅರ್ತ್ ವೈರಿನ ಮಟ್ಟದಲ್ಲಿ. ನಡುವೆ ಅಮ್ಮ.

ನಾನು ಕಂಬಿ ಮುಟ್ಟಿದಾಗ ಯಾಕೆ ಏನೂ ಆಗಲಿಲ್ಲ? ನಾನು ನೀರಲ್ಲಿರಲಿಲ್ಲ. ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿ. ಅಮ್ಮನ ಮೈ ನೀರಲ್ಲಿ, ಕೈ ಒದ್ದೆ, ಬೆರಳಲ್ಲಿ ಗಾಯ. ಒಣ ಚರ್ಮ ಕರೆಂಟಿಗೆ ದೊಡ್ಡ ತಡೆ. ನೆನೆದ ಚರ್ಮದಲ್ಲಿ ಆ ತಡೆ ಹತ್ತಾರು ಪಟ್ಟು ಇಳಿದುಹೋಗುತ್ತೆ. ಗಾಯ ಇದ್ದರೆ ಇನ್ನೂ ಕಡಿಮೆ.

ಮೂರು ವೋಲ್ಟ್ ತಾನೆ ಅಂತೀರಾ?

ನಾನೂ ಹಾಗೇ ಕೇಳಿದೆ. ಟಾರ್ಚಿಗೆ ಹಾಕೋ ಎರಡು ಸೆಲ್ಲಿನಷ್ಟು ಅಲ್ವಾ? ಎಲೆಕ್ಟ್ರಿಷಿಯನ್ ಮೀಟರಿನ ಎರಡು ತುದಿಗಳ ನಡುವೆ 500 ಓಮ್‌ನ ಒಂದು ರೆಸಿಸ್ಟರ್ ಹಾಕಿ ಅಳೆದರು. ಒದ್ದೆ ಮೈಯ ಮನುಷ್ಯನ ಬದಲಿಗೆ ಅದು. ಹಾಗೆ ಮಾಡದೆ ಅಳೆದರೆ ಡಿಜಿಟಲ್ ಮೀಟರು ಇಲ್ಲದ ವೋಲ್ಟೇಜನ್ನೂ ಕೆಲವೊಮ್ಮೆ ತೋರಿಸುತ್ತಂತೆ. ರೆಸಿಸ್ಟರ್ ಹಾಕಿದರೂ 2.4 ವೋಲ್ಟ್ ನಿಂತಿತು. ಅಂದರೆ ಸುಮಾರು 5 ಮಿಲಿಆಂಪಿಯರ್.

ನಮ್ಮ ಮೈಗೆ ‘ಜುಮ್’ ಗೊತ್ತಾಗೋದು 1 ಮಿಲಿಆಂಪಿಯರಿನ ಆಸುಪಾಸಿನಲ್ಲಿ. ಅಲ್ಲಿಂದ ಮುಂದಿನ ಲೆಕ್ಕವನ್ನು ಜಗತ್ತಿಗೆ ಕೊಟ್ಟವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್. ಸ್ವಯಂಸೇವಕರ ಕೈಗೆ ಕರೆಂಟ್ ಹಾಯಿಸಿ, ಹಿಡಿದದ್ದನ್ನು ಬಿಡೋಕೆ ಆಗದೇ ಇರೋ ಮಟ್ಟ ಯಾವುದು ಅಂತ ಅವರು ಅಳೆದರು. ಸರಾಸರಿ ಗಂಡಸರಿಗೆ 16, ಹೆಂಗಸರಿಗೆ 10.5 ಮಿಲಿಆಂಪಿಯರ್. ಅದಕ್ಕಿಂತ ಹೆಚ್ಚಾದರೆ ಸ್ನಾಯು ಬಿಗಿದು ಕೈ ತಾನಾಗಿ ಮುಚ್ಚಿಕೊಳ್ಳುತ್ತೆ. ನೆಲದ ಮೇಲಿದ್ದರೆ ಬೀಳ್ತೀವಿ, ಕೈ ಬಿಡಬಹುದು. ನೀರಲ್ಲಿದ್ದರೆ? ಕೈಕಾಲು ಆಡದೆ ಮುಳುಗಿಹೋಗ್ತೀವಿ. ಹೃದಯ ನಿಲ್ಲೋಕೆ ಬೇಕಾದಷ್ಟು ಕರೆಂಟ್ ಬೇಕಾಗೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಈಜು ಬರದೆ ಮುಳುಗಿದ ಹಾಗೇ ಕಾಣುತ್ತೆ.

“ಇವತ್ತು ಜೋಡಣೆ ಸಡಿಲ, ಮೂರು ವೋಲ್ಟ್. ನಾಳೆ ಪೂರ್ತಿ ಕಡಿದರೆ?” ಅಂದರು ಎಲೆಕ್ಟ್ರಿಷಿಯನ್. ಉತ್ತರ ನಾನೇ ಲೆಕ್ಕ ಹಾಕಿಕೊಂಡೆ. ಹತ್ತಾರು ವೋಲ್ಟ್ ಆಗಬಹುದಿತ್ತು. ಮತ್ತು ಮೆಟ್ಟಿಲಲ್ಲಿ ಅಮ್ಮನ ಬದಲು ನನ್ನ ಮಗಳು ಇರಬಹುದಿತ್ತು.

ಅದೇ ಡಾಲ್ಜಿಯಲ್ 1961ರಲ್ಲಿ ಒಂದು ಸಾಧನ ಕಂಡುಹಿಡಿದರು. ಹೋಗುವ ಕರೆಂಟು, ಬರುವ ಕರೆಂಟು ಎರಡನ್ನೂ ಅದು ಹೋಲಿಸುತ್ತಾ ಇರುತ್ತೆ. ವ್ಯತ್ಯಾಸ ಬಂದರೆ ಕ್ಷಣದಲ್ಲಿ ಕಡಿದುಬಿಡುತ್ತೆ. ಇಲ್ಲಿ ಅದನ್ನ ಜಿಎಫ್‌ಸಿಐ ಅಂತಾರೆ. 5 ಮಿಲಿಆಂಪಿಯರಿನ ಆಸುಪಾಸಿಗೇ ಕಡಿಯುತ್ತೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದನ್ನು ಮೊದಲು ಕಡ್ಡಾಯ ಮಾಡಿದ್ದೇ ಈಜುಕೊಳದ ನೀರೊಳಗಿನ ಲೈಟಿಗೆ, 1968ರಲ್ಲಿ. ನಮ್ಮ ಊರಿನ ಆರ್‌ಸಿಸಿಬಿ ಅದರ ದಾಯಾದಿ. ಮನೆಗಳಲ್ಲಿ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು.

ನಮ್ಮ ಕೊಳದ ಪಂಪಿಗೂ ಲೈಟಿಗೂ ಜಿಎಫ್‌ಸಿಐ ಇತ್ತು. ಕೆಲಸವನ್ನೂ ಮಾಡ್ತಿತ್ತು. ಆದರೆ ಅಮ್ಮನ ಕೈಗೆ ತಾಗಿದ ಕರೆಂಟು ಅದರ ಮೂಲಕ ಬಂದೇ ಇರಲಿಲ್ಲವಲ್ಲ! ಬಾಗಿಲ ಕಾವಲುಗಾರ ಎಷ್ಟೇ ಚುರುಕಾಗಿದ್ದರೂ, ಕಳ್ಳ ಹಿತ್ತಿಲಿಂದ ಬಂದರೆ ಅವನೇನು ಮಾಡ್ತಾನೆ? ಅದಕ್ಕೇ ಅರ್ತಿಂಗ್, ಜಿಎಫ್‌ಸಿಐ, ಬಾಂಡಿಂಗ್ ಮೂರೂ ಬೇಕು. ಒಂದಿದೆ ಅಂತ ಇನ್ನೊಂದನ್ನ ಬಿಡೋ ಹಾಗಿಲ್ಲ.

ನಾನು ಮಾಡಿದ ತಪ್ಪು

ಪಂಪಿನ ಹತ್ತಿರ ಬಂದ ಎಲೆಕ್ಟ್ರಿಷಿಯನ್ ಬಗ್ಗಿ ನೋಡಿ, “ಇದನ್ನ ಹಾಕಿದವರು ಯಾರು?” ಅಂತ ಕೇಳಿದರು.

ನಾನೇ. ಹಿಂದಿನ ಚಳಿಗಾಲದಲ್ಲಿ ಹಳೇ ಪಂಪ್ ಕೆಟ್ಟಿತ್ತು. ವಿಡಿಯೋ ನೋಡಿಕೊಂಡು ಹೊಸದನ್ನ ಕೂರಿಸಿದ್ದೆ. ಹಸಿರು ಅರ್ತ್ ವೈರ್ ಸರಿಯಾಗಿ ಹಾಕಿದ್ದೆ. ಪಕ್ಕದಲ್ಲಿ ನೆಲದಿಂದ ಎದ್ದುಬಂದ ಒಂದು ಬರೀ ತಾಮ್ರದ ಗಟ್ಟಿ ತಂತಿ ಇತ್ತು. ಹಳೇ ಮೋಟರಿಗೆ ಒಂದು ಸ್ಕ್ರೂನಲ್ಲಿ ಬಿಗಿದಿತ್ತು. ‘ಅರ್ತ್ ಆಗಲೇ ಇದೆಯಲ್ಲ, ಇದ್ಯಾಕೆ’ ಅಂತ ಅದನ್ನ ಅಂದವಾಗಿ ಸುತ್ತಿ ಮೂಲೆಗೆ ತಳ್ಳಿದ್ದೆ. ಅದೇ ಬಾಂಡಿಂಗ್ ತಂತಿ. ಮೋಟರಿನ ಮೈಮೇಲೆ ಅದಕ್ಕೆಂದೇ ಒಂದು ಹಿಡಿಕೆ ಕೊಟ್ಟಿರುತ್ತಾರೆ. ನನ್ನದರಲ್ಲಿ ಅದು ಖಾಲಿ ಇತ್ತು.

ಅಮ್ಮನಿಗೆ ಶಾಕ್ ಹೊಡೆದದ್ದಕ್ಕೆ ಅದು ಕಾರಣ ಅಲ್ಲ ಅಂತ ಅವರೇ ಹೇಳಿದರು. ಆದರೆ ಮುಂದೊಂದು ದಿನ ಮೋಟರಿನ ಅರ್ತ್ ವೈರ್ ಸಡಿಲವಾಗಿ, ಒಳಗೆ ವೈರ್ ಸುಲಿದಿದ್ದರೆ ಏನಾಗ್ತಿತ್ತು? 240 ವೋಲ್ಟಿನ ಮೋಟರು ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದುರಸ್ತಿ

ವಿದ್ಯುತ್ ಕಂಪನಿಯವರು ಶನಿವಾರವೇ ನ್ಯೂಟ್ರಲ್ ಜೋಡಣೆಗೆ ತಾತ್ಕಾಲಿಕ ವ್ಯವಸ್ಥೆ ಮಾಡಿ, ಮಂಗಳವಾರ ಅದನ್ನ ಪೂರ್ತಿ ಬದಲಾಯಿಸಿದರು. 3.1 ವೋಲ್ಟ್ ಇದ್ದದ್ದು 0.7ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ. ಇಲ್ಲಿನ ವ್ಯವಸ್ಥೆಯಲ್ಲಿ ನ್ಯೂಟ್ರಲ್‌ಗೂ ದೂರದ ಮಣ್ಣಿಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ.

ಉಳಿದದ್ದು ಬಾಂಡಿಂಗ್. ಸಂಹಿತೆಯ 680ನೇ ಅಧ್ಯಾಯ ಈಜುಕೊಳ ಮತ್ತು ಅಂಥವೇ ನೀರಿನ ವ್ಯವಸ್ಥೆಗಳಿಗೆ ಮೀಸಲು. ಅದರಲ್ಲಿ 680.26 ಬಾಂಡಿಂಗ್‌ನ ಭಾಗ. ತಂತಿ ಕನಿಷ್ಠ 8 ಗೇಜಿನ ಗಟ್ಟಿ ತಾಮ್ರ ಇರಬೇಕು, ಅಂದರೆ ಸುಮಾರು 3.3 ಮಿಲಿಮೀಟರ್ ದಪ್ಪ. ಕೊಳದ ಒಳಗೋಡೆಯಿಂದ 3 ಅಡಿವರೆಗಿನ ನೆಲವೂ ಬಾಂಡಿಂಗ್‌ಗೆ ಸೇರಬೇಕು. 5 ಅಡಿಯೊಳಗಿನ ಸ್ಥಿರವಾದ ಲೋಹದ ವಸ್ತುಗಳು ಸೇರಬೇಕು. ನೀರಿಗೂ ಕನಿಷ್ಠ 9 ಚದರ ಇಂಚಿನಷ್ಟು ಲೋಹ ತಾಗುತ್ತಿರಬೇಕು.

ನಮ್ಮ ಕೊಳದ ಸುತ್ತ ಕಲ್ಲುಗಳನ್ನು ಎತ್ತಿ, ಗೋಡೆಯಿಂದ ಒಂದೂವರೆ ಎರಡು ಅಡಿ ದೂರದಲ್ಲಿ, ನೆಲದೊಳಗೆ ಐದಿಂಚು ಆಳಕ್ಕೆ ತಾಮ್ರದ ತಂತಿಯನ್ನು ಉಡಿದಾರದ ಹಾಗೆ ಸುತ್ತಲೂ ಹಾಕಿದರು. ಅದನ್ನ ನಾಲ್ಕು ಕಡೆ ಕಾಂಕ್ರೀಟಿನ ಸರಳಿಗೆ ಕಟ್ಟಿದರು. ಕಂಬಿಯ ಬುಡಕ್ಕೆ, ಪಂಪಿಗೆ ಹೊಸ ಜೋಡಣೆ. ಅಪ್ಪ ಎರಡು ದಿನವೂ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಎಲೆಕ್ಟ್ರಿಷಿಯನ್‌ಗೆ ಕನ್ನಡ ಸೊನ್ನೆ. ಆದರೂ ಇಬ್ಬರೂ ಸ್ಕ್ರೂ ಬಿಗಿ ಇದೆಯಾ ಅಂತ ತಲೆ ಅಲ್ಲಾಡಿಸಿಯೇ ಮಾತಾಡಿಕೊಂಡರು. ಕೊನೆಗೆ ಮೀಟರ್ ಇಟ್ಟಾಗ ನೀರು ಮತ್ತು ಕಂಬಿಯ ನಡುವೆ 0.00 ತೋರಿಸಿತು. ಕೆಲಸಕ್ಕೆ ನನ್ನ ಜೇಬಿಂದ ಸಾವಿರದ ಒಂಬೈನೂರು ಡಾಲರ್ ಹೋಯ್ತು. ಅಷ್ಟೊಂದು ಖುಷಿಯಿಂದ ನಾನು ಯಾವತ್ತೂ ದುಡ್ಡು ಕೊಟ್ಟಿಲ್ಲ.

ನಮ್ಮೂರಿನ ಮನೆಗಳಿಗೆ ಇದರಿಂದೇನು?

ನಮ್ಮಲ್ಲಿ ಮನೆಗೊಂದು ಈಜುಕೊಳ ಇಲ್ಲ ನಿಜ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇ, ರೆಸಾರ್ಟುಗಳಲ್ಲಿ ಇದೆ. ಈಜುಕೊಳ ಬಿಡಿ, ನೀರು ಮತ್ತು ಕರೆಂಟ್ ಸೇರೋ ಜಾಗ ಎಲ್ಲರ ಮನೇಲೂ ಇದೆ: ಸಂಪು, ಬಚ್ಚಲುಮನೆಯ ಗೀಸರು, ತೋಟದ ಮೋಟರು.

ಅಪ್ಪನ ಜೊತೆ ಒಂದು ಲೆಕ್ಕ ಮಾಡಿದೆ. ನಮ್ಮೂರ ಬಹಳಷ್ಟು ಮನೆಗಳಲ್ಲಿ ಅರ್ತ್ ವೈರ್ ಹೋಗೋದು ಮನೆ ಪಕ್ಕದ ಉಪ್ಪು, ಇದ್ದಿಲು ತುಂಬಿದ ಗುಂಡಿಗೆ. ಆ ಗುಂಡಿಯ ತಡೆ 23 ಓಮ್ ಇದೆ ಅನ್ನಿ. ಬೇಸಿಗೆಯಲ್ಲಿ ಒಣಗಿದರೆ ಇನ್ನೂ ಜಾಸ್ತಿ. ಗೀಸರಿನ ಕವಚಕ್ಕೆ 230 ವೋಲ್ಟಿನ ಫೇಸ್ ತಾಗಿದರೆ ಹರಿಯೋ ಕರೆಂಟು 10 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳೋದೇ ಇಲ್ಲ! ಅರ್ತ್ ಇದೆ, ಎಂಸಿಬಿ ಇದೆ, ಆದರೂ ಗೀಸರು ಶಾಕ್ ಹೊಡೀತಾನೇ ಇರುತ್ತೆ. ಅಲ್ಲಿ ಕಾಪಾಡೋದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅಪ್ಪ ಕೂತಲ್ಲೇ ತಿಪಟೂರಿಗೆ ಫೋನ್ ಹಚ್ಚಿ, ನಮ್ಮ ಮನೆಗೆ ಒಂದು ಹಾಕಿಸಿಯೇ ಬಿಟ್ಟರು.

ನಾನು ಕಲಿತದ್ದರಲ್ಲಿ ನಿಮಗೆ ಉಪಯೋಗ ಆಗಬಹುದಾದ ಕೆಲವು ಮಾತು:

• ನಲ್ಲಿ, ಷವರ್, ಕಂಬಿ, ಮೋಟರು ಮುಟ್ಟಿದಾಗ ‘ಜುಮ್’ ಅಂದರೆ ಅದನ್ನ ಎಚ್ಚರಿಕೆ ಅಂತಲೇ ತಗೊಳ್ಳಿ. ಕಾರಣ ಗೊತ್ತಾಗೋವರೆಗೆ ಅದನ್ನ ಬಳಸಬೇಡಿ. ನಿಜವಾ ಅಂತ ನೋಡೋಕೆ ಮತ್ತೆ ಮುಟ್ಟಲೂಬೇಡಿ.

• ಮನೇಲಿ ಆರ್‌ಸಿಸಿಬಿ ಇದೆಯಾ ನೋಡಿ. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಾಯಿಸಿ.

• ಸಂಪಿಗೆ ಇಳಿಯುವ ಮುಂಚೆ ಮೋಟರಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ ಅಥವಾ ಮೇನ್ ಇಳಿಸಿ.

• ಅಪಾರ್ಟ್‌ಮೆಂಟ್ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಕೊಳದ ಏಣಿ, ಕಂಬಿ, ಪಂಪು ಎಲ್ಲ ಒಂದಕ್ಕೊಂದು ಬಾಂಡ್ ಆಗಿವೆಯಾ? ಕೊನೆಯ ಸಲ ಅಳೆದದ್ದು ಯಾವಾಗ? ನೀರೊಳಗಿನ ಲೈಟು 12 ವೋಲ್ಟಿನದ್ದಾ?

• ಟೈಲ್ಸ್ ಬದಲಾಯಿಸುವಾಗ, ಪಂಪ್ ಬದಲಾಯಿಸುವಾಗ ಸಿಕ್ಕ ತಾಮ್ರದ ತಂತಿಯನ್ನು ‘ಬೇಡದ್ದು’ ಅಂತ ಕಡಿಯಬೇಡಿ. ನನ್ನಂತೆ ಸುತ್ತಿಯೂ ಇಡಬೇಡಿ.

• ನೀರಲ್ಲಿ ಯಾರಿಗಾದರೂ ಶಾಕ್ ಹೊಡೀತಿದೆ ಅನ್ನಿಸಿದರೆ ನೀರಿಗೆ ಹಾರಬೇಡಿ. ಮೊದಲು ಕರೆಂಟ್ ತೆಗೆಸಿ. ಕರೆಂಟ್ ಹರಿಯದ ಕೋಲನ್ನೋ, ಟ್ಯೂಬನ್ನೋ ಚಾಚಿ, ಅಲ್ಯೂಮಿನಿಯಂ ಕೋಲು ಬೇಡ. ಲೋಹ ಮುಟ್ಟದೆ ದೂರ ಸರಿಯೋಕೆ ಕೂಗಿ ಹೇಳಿ. ಉಳಿಸೋಕೆ ಹೋದವರೇ ಹೋಗಿಬಿಡುವ ಸಾವುಗಳಿವು.

ಕೆಲಸ ಮುಗಿದ ಮಾರನೇ ಸಂಜೆ ಮಗಳು ಟ್ಯೂಬ್ ಹಾಕಿಕೊಂಡು ಕುಣೀತಾ ಬಂದಳು. ಅಮ್ಮ ತಡೆದರು. “ಇರು ಪುಟ್ಟಿ, ಮೊದ್ಲು ನಿಮ್ಮಪ್ಪ ಇಳೀಲಿ.” ನಾನು ಇಳಿದೆ. ಸೊಂಟದವರೆಗೆ ನೀರಲ್ಲಿ ನಿಂತು, ಒದ್ದೆ ಕೈಯಲ್ಲಿ ಕಂಬಿ ಹಿಡಿದೆ. ಏನೂ ಇಲ್ಲ. ಆಮೇಲೂ ಅಮ್ಮ ಒಂದು ನಿಮಿಷ ನನ್ನ ಮುಖವನ್ನೇ ನೋಡ್ತಾ ನಿಂತಿದ್ದರು.

“ಏನಿಲ್ಲಮ್ಮ” ಅಂದೆ.

“ಹೋದ್ಸಲಾನೂ ಅದೇ ಅಂದಿದ್ದೆ” ಅಂತ ಹೇಳಿ, ಅಪ್ಪನ ಕಡೆ ತಿರುಗಿ, ಅವರು ತಲೆ ಆಡಿಸಿದ ಮೇಲೇ ಮಗುವಿನ ಕೈ ಬಿಟ್ಟರು.